ಮುರಿದ ಸೆಂಟರ್‌ಬೋರ್ಡ್‌ಗೆ ಬದಲಿ: ಮನೆಯಂಗಳದಲ್ಲೇ ಮಾಡಿಕೊಳ್ಳುವ ಬಗೆ

ಕಾಸರಗೋಡಿನ ಶಿರಿಯ ಹೊಳೆಯ ಅಳಿವೆಯಲ್ಲಿ ಇಳಿತದ ಹೊತ್ತು. ಹಾಯಿ ತುಂಬ ಗಾಳಿ ಇತ್ತು, ಚುಕ್ಕಾಣಿ ಕೈಯಲ್ಲಿತ್ತು, ಆದರೂ ದೋಣಿ ಏಡಿಯ ಹಾಗೆ ಅಡ್ಡಡ್ಡ ಸಾಗುತ್ತಿತ್ತು. ಸೆಂಟರ್‌ಬೋರ್ಡ್ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಹೊಸ ಹಲಗೆ ಅದು, ನೀರಿಗಿಳಿಸಿ ಮೂರು ವಾರವೂ ಆಗಿರಲಿಲ್ಲ. ನೀರು ಕುಡಿದು ಊದಿಕೊಂಡು ಪೆಟ್ಟಿಗೆಯೊಳಗೆ ಬೆಣೆ ಹೊಡೆದ ಹಾಗೆ ಕೂತುಬಿಟ್ಟಿತ್ತು. ಹಾಯಿ ಇಳಿಸಿ, ಹುಟ್ಟು ಹಾಕಿ, ಸೆಳವಿನ ಜೊತೆ ಗುದ್ದಾಡಿ ದಡ ಸೇರುವಷ್ಟರಲ್ಲಿ ಸೂರ್ಯ ಮುಳುಗಿತ್ತು.

ಎರಡನೇ ಸಲ ಮಾಡಿದ ಹಲಗೆ ಈಗ ನಾಲ್ಕನೇ ವರ್ಷ ಓಡುತ್ತಿದೆ. ಎರಡೂ ಹಲಗೆಗೆ ಆಕಾರ ಒಂದೇ, ಅಳತೆಯೂ ಹೆಚ್ಚುಕಡಿಮೆ ಒಂದೇ. ಮುಖ್ಯ ವ್ಯತ್ಯಾಸ ಇದು: ಎರಡನೆಯದರಲ್ಲಿ ನೀರು ಮರವನ್ನು ಎಲ್ಲಿಯೂ ಮುಟ್ಟುವುದಿಲ್ಲ. ಅಂಚಿನಲ್ಲಿ, ತೂತಿನಲ್ಲಿ, ಹಗ್ಗ ಕಟ್ಟುವ ಜಾಗದಲ್ಲಿ, ಎಲ್ಲಿಯೂ. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ದೋಣಿಗೆ ಹೊಸಬರಿದ್ದರೆ ಎರಡು ಮಾತು. ಗಾಳಿ ಹಾಯಿಯನ್ನು ಬದಿಗೆ ತಳ್ಳುತ್ತದೆ. ದೋಣಿ ಬದಿಗೆ ಜಾರದೆ ಮುಂದಕ್ಕೆ ಹೋಗಬೇಕಾದರೆ ನೀರಿನೊಳಗೆ ಅದನ್ನು ಹಿಡಿದು ನಿಲ್ಲಿಸುವ ಏನಾದರೂ ಬೇಕು. ಆ ಕೆಲಸ ಸೆಂಟರ್‌ಬೋರ್ಡಿನದು. ದೋಣಿಯ ನಡುವೆ ಒಂದು ಕಿರಿದಾದ ಪೆಟ್ಟಿಗೆ ಇರುತ್ತದೆ, ಅದರೊಳಗೆ ಒಂದು ಬೋಲ್ಟಿನ ಸುತ್ತ ತಿರುಗುವ ಹಲಗೆ. ಆಳದಲ್ಲಿ ಇಳಿಸುತ್ತೀರಿ, ಮರಳದಿಣ್ಣೆ ಬಂದಾಗ ಎತ್ತುತ್ತೀರಿ. ನಮ್ಮ ಕುಂಬಳೆ, ಶಿರಿಯ, ಚಂದ್ರಗಿರಿ ಅಳಿವೆಗಳಲ್ಲಿ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುವುದರಿಂದ ಈ ತಿರುಗುವ ಹಲಗೆಯೇ ಒಳ್ಳೆಯದು. ತಳ ತಾಗಿದರೆ ಅದು ತಾನೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ನೆಟ್ಟಗೆ ಇಳಿಬಿಡುವ ಡ್ಯಾಗರ್‌ಬೋರ್ಡ್ ಆದರೆ ಹಲಗೆ ಮುರಿಯಬೇಕು, ಇಲ್ಲ ಪೆಟ್ಟಿಗೆ ಸೀಳಬೇಕು.

ಇನ್ನೊಂದು ಕೆಲಸವೂ ಅದಕ್ಕಿದೆ. ದೋಣಿ ಮಗುಚಿದರೆ ನೀವು ಹತ್ತಿ ನಿಂತು ದೋಣಿ ಎಬ್ಬಿಸುವುದು ಇದೇ ಹಲಗೆಯ ಮೇಲೆ. ಅಂದರೆ ಒಬ್ಬ ಮನುಷ್ಯನ ಪೂರ್ತಿ ಭಾರವನ್ನು ಒಂದೇ ತುದಿಯ ಆಧಾರದಲ್ಲಿ ಅದು ಹೊರಬೇಕು. ಇದನ್ನು ನೆನಪಿನಲ್ಲಿಟ್ಟುಕೊಂಡು ಮರ ಆರಿಸಿ.

ಮೊದಲು ಪೆಟ್ಟಿಗೆ ಅಳೆಯಿರಿ. ಹಳೆಯ ಹಲಗೆಯನ್ನು ನಂಬಬೇಡಿ, ಅದು ಊದಿರಬಹುದು, ಸವೆದಿರಬಹುದು. ದೋಣಿಯನ್ನು ಹಳೆ ಟೈರುಗಳ ಮೇಲೆ ಬದಿಗೆ ಮಲಗಿಸಿ. ಪೆಟ್ಟಿಗೆಯ ಒಳಗಿನ ಅಗಲವನ್ನು ಮೇಲೆ, ನಡುವೆ, ಕೆಳಗೆ, ಮತ್ತೆ ಮುಂದೆ, ಮಧ್ಯ, ಹಿಂದೆ, ಹೀಗೆ ಒಂಬತ್ತು ಕಡೆ ನೋಡಿ. ಟೇಪು ಒಳಗೆ ಹೋಗುವುದಿಲ್ಲ. ಬೇರೆ ಬೇರೆ ದಪ್ಪದ ಮರದ ಚೂರುಗಳನ್ನು ಕಡ್ಡಿಗೆ ಕಟ್ಟಿ ತೂರಿಸಿ ನೋಡುವುದೇ ಸುಲಭ. ಹಳೆ ದೋಣಿಗಳಲ್ಲಿ ಪೆಟ್ಟಿಗೆಯ ಗೋಡೆ ನಡುವೆ ಒಳಗೆ ಉಬ್ಬಿರುತ್ತದೆ. ಸಿಕ್ಕಿದ್ದರಲ್ಲಿ ಅತಿ ಕಡಿಮೆ ಅಳತೆ ಯಾವುದೋ ಅದೇ ನಿಮ್ಮ ಅಳತೆ. ನನ್ನ ದೋಣಿಯಲ್ಲಿ ಅದು 24 ಮಿ.ಮೀ. ಎರಡೂ ಬದಿ 2 ಮಿ.ಮೀ. ಸಡಿಲು ಬಿಟ್ಟು, ಬಣ್ಣವೂ ಸೇರಿ ಹಲಗೆ 20 ಮಿ.ಮೀ. ಆಗಬೇಕು ಅಂತ ತೀರ್ಮಾನಿಸಿದೆ. ಗ್ಲಾಸ್ ಫೈಬರ್ ಬಟ್ಟೆ, ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು), ಬಣ್ಣ ಎಲ್ಲ ಸೇರಿ ಸುಮಾರು 1 ಮಿ.ಮೀ. ತಿನ್ನುತ್ತದೆ. ಹಾಗಾಗಿ ಮರ 19.

ಆಮೇಲೆ ಮಾದರಿ. 4 ಮಿ.ಮೀ. ಪ್ಲೈನ ಒಂದು ತುಂಡಿನಲ್ಲಿ ಹಲಗೆಯ ಆಕಾರ ಕತ್ತರಿಸಿ, ಬೋಲ್ಟಿನ ತೂತು ಕೊರೆದು, ದೋಣಿಯಲ್ಲೇ ತೂಗುಹಾಕಿ ಮೇಲೆ ಕೆಳಗೆ ತಿರುಗಿಸಿ ನೋಡಿ. ಇದನ್ನು ಯಾರೂ ಬಿಡಬೇಡಿ, ದಯವಿಟ್ಟು. ತಲೆಯ ಮೂಲೆ ಪೆಟ್ಟಿಗೆಯ ಮುಚ್ಚಳಕ್ಕೆ ತಾಗುತ್ತದೆಯೇ, ಪೂರ್ತಿ ಇಳಿದಾಗ ಹಲಗೆ ಎಲ್ಲಿ ಬಂದು ನಿಲ್ಲುತ್ತದೆ, ಎತ್ತಿದಾಗ ತುದಿ ದೋಣಿಯ ತಳದಿಂದ ಹೊರಗೆ ಇಣುಕುತ್ತದೆಯೇ, ಎಲ್ಲ ಇಲ್ಲೇ ಗೊತ್ತಾಗುತ್ತದೆ. ನನ್ನ ಮಾದರಿಯ ತಲೆಯನ್ನು ಮೂರು ಸಲ ಕೆತ್ತಬೇಕಾಯಿತು. ಪೂರ್ತಿ ಇಳಿದಾಗ ದೋಣಿಯ ತಳದ ಗೆರೆ ಹಲಗೆಯ ಮೇಲೆ ಎಲ್ಲಿ ಬರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಅದು ಮುಂದೆ ಬೇಕಾಗುತ್ತದೆ. ಎಂಟರ್‌ಪ್ರೈಸ್, ಜಿಪಿ 14 ಥರದ, ಎಲ್ಲವೂ ಒಂದೇ ನಿಗದಿತ ಅಳತೆಯಲ್ಲಿರುವ ಕ್ಲಾಸ್ ದೋಣಿಯಲ್ಲಿ ಸ್ಪರ್ಧೆಗೆ ಹೋಗುವವರು ಕ್ಲಾಸಿನ ನಿಯಮದ ಅಳತೆಯನ್ನೇ ಪಾಲಿಸಬೇಕು, ನಾನು ಹೇಳುವ ಆಕಾರ ಅಲ್ಲಿ ನಡೆಯದೆ ಇರಬಹುದು.

ಇನ್ನು ಮರ. ನನ್ನ ಮೊದಲ ಹಲಗೆ ಪ್ಲೈವುಡ್ಡಿನದು. ಮೆರೈನ್, ಅಂದರೆ ನೀರಿಗೆ ತಡೆಯುವ ಪ್ಲೈ ಅಂತ ಹೇಳಿಯೇ ಕೊಟ್ಟಿದ್ದರು, ಮುದ್ರೆಯೂ ಇತ್ತು. ಊದಿದ ಮೇಲೆ ಅದರ ಉಳಿದ ತುಂಡನ್ನು ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಎರಡು ಗಂಟೆಯಲ್ಲಿ ಪದರ ಪದರ ಬಿಟ್ಟುಕೊಂಡಿತು. ಐಎಸ್ 710 ಅನ್ನುವುದು ನಮ್ಮ ದೇಶದ ಮೆರೈನ್ ಪ್ಲೈ ಮಾನದಂಡ. ಅದರ ಪ್ರಕಾರ 72 ಗಂಟೆ ಕುದಿಸಿದರೂ ಅಂಟು ಬಿಡಬಾರದು. ಅಷ್ಟು ಗ್ಯಾಸ್ ಸುಡುವುದು ಬೇಡ. ಖರೀದಿಗೆ ಮೊದಲು ಅಂಗೈಯಗಲದ ತುಂಡು ಕೇಳಿ ತಂದು ನಾಲ್ಕು ಗಂಟೆ ಕುದಿಸಿ, ಒಣಗಿಸಿ, ಉಳಿಯಿಂದ ಮೀಟಿ ನೋಡಿ. ಸುಳ್ಳು ಮಾಲು ಅಲ್ಲೇ ಸಿಕ್ಕಿಬೀಳುತ್ತದೆ.

ಪ್ಲೈನಿಂದ ಮಾಡಬಾರದು ಅಂತ ಅಲ್ಲ. ಆದರೆ ಪ್ಲೈನಲ್ಲಿ ಅರ್ಧದಷ್ಟು ಪದರಗಳ ನಾರು ಅಡ್ಡಕ್ಕೆ ಓಡುತ್ತದೆ. ಸೆಂಟರ್‌ಬೋರ್ಡಿಗೆ ಬೀಳುವ ಒತ್ತಡವೆಲ್ಲ ಉದ್ದಕ್ಕೆ. ಅಡ್ಡ ನಾರು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನಮ್ಮೂರಿನ ಆಚಾರಿಗಳು ನನ್ನ ಊದಿದ ಹಲಗೆ ನೋಡಿ ಕೇಳಿದ್ದು ಇಷ್ಟೇ: "ನೀವು ಪ್ಲೈ ಯಾಕೆ ಹಾಕಿದ್ದು ಮಾರಾಯ್ರೇ, ಹೆಬ್ಬಲಸು ಇಲ್ವಾ?" ಹೆಬ್ಬಲಸು ಅಂದರೆ ಮಲಯಾಳದ ಆಂಜಿಲಿ. ಕೇರಳದ ದೋಣಿಗಳಿಗೆ ತಲೆತಲಾಂತರದಿಂದ ಬಳಸಿದ ಮರ. ಹೆಚ್ಚು ಭಾರವಿಲ್ಲ, ನೀರಿಗೆ ತಡೆಯುತ್ತದೆ, ಉಳಿಗೆ ಸಲೀಸು. ಹಲಸೂ ಆಗುತ್ತದೆ. ತೇಗವೂ ಆಗುತ್ತದೆ, ಆದರೆ ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಅಸಿಟೋನ್‌ನಲ್ಲಿ ಒರೆಸಲೇಬೇಕು.

ಹಸಿ ಮರ ಬೇಡ. ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನುವುದು ಹಳೆಯ ಲೆಕ್ಕ. ಅಷ್ಟು ಕಾಯಲು ಆಗದಿದ್ದರೆ ಹಳೆ ಹೆಂಚಿನ ಮನೆ ಬಿಚ್ಚಿದ ಕಡೆ ಹುಡುಕಿ. ಪಕ್ಕಾಸು, ಜಂತಿ, ಬಾಗಿಲ ದಾರಂದ, ಐವತ್ತು ವರ್ಷ ಒಣಗಿದ ಮರ ಅದು. ಮೊಳೆ ಇದೆಯೇ ಅಂತ ಮಾತ್ರ ಅಯಸ್ಕಾಂತ ಆಡಿಸಿ ನೋಡಿ, ಗರಗಸದ ಹಲ್ಲು ಹೋಗುತ್ತದೆ.

ಒಂದೇ ಅಗಲ ಹಲಗೆ ಬಾಗುತ್ತದೆ. ಅದಕ್ಕೇ ಪಟ್ಟಿಗಳಾಗಿ ಸೀಳಿ ಅಂಟಿಸುವುದು. ನನ್ನ ಹಲಗೆ 1.15 ಮೀಟರ್ ಉದ್ದ, 30 ಸೆಂ.ಮೀ. ಅಗಲ. 45 ಮಿ.ಮೀ. ಅಗಲ, 22 ಮಿ.ಮೀ. ದಪ್ಪದ ಏಳು ಪಟ್ಟಿ ಸೀಳಿಸಿದೆ. ತುದಿಯಲ್ಲಿ ಕಾಣುವ ಮರದ ಬಳೆಗಳನ್ನು ನೋಡಿ, ಒಂದರಲ್ಲಿ ಕಮಾನು ಮೇಲಕ್ಕಿದ್ದರೆ ಪಕ್ಕದ್ದರಲ್ಲಿ ಕೆಳಕ್ಕಿರಲಿ. ಒಂದು ಬಾಗಿದರೆ ಇನ್ನೊಂದು ಎದುರಿಗೆ ಎಳೆಯುತ್ತದೆ. ಸಪಾಟಾದ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ, ಎಪಾಕ್ಸಿಗೆ ಸಣ್ಣ ಮರದ ಹುಡಿ ಬೆರೆಸಿ ಗಟ್ಟಿ ಮೊಸರಿನ ಹದಕ್ಕೆ ತಂದು ಅಂಚುಗಳಿಗೆ ಹಚ್ಚಿ ಜೋಡಿಸಿ. ಕ್ಲಾಂಪನ್ನು ಬಿಗಿಯಾಗಿ ತಿರುಗಿಸಬೇಡಿ. ಫೆವಿಕಾಲ್ ಹಾಕಿ ಅಭ್ಯಾಸವಾದವರು ಇಲ್ಲಿ ತಪ್ಪುತ್ತಾರೆ. ಎಪಾಕ್ಸಿಗೆ ಸಂದಿನಲ್ಲಿ ತೆಳ್ಳಗೆ ಒಂದು ಪದರ ಉಳಿಯಬೇಕು, ಹಿಂಡಿ ಹೊರಹಾಕಿದರೆ ಹಿಡಿತ ಹೋಯಿತು. ಅಂಟು ಇಣುಕಿದರೆ ಸಾಕು, ನಿಲ್ಲಿಸಿ.

ಎಪಾಕ್ಸಿ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮೀನುಗಾರಿಕೆ ದೋಣಿಗಳ ಸಾಮಾನು ಮಾರುವ ಕಡೆ ಸುಲಭಕ್ಕೆ ಸಿಗುವುದು ಪಾಲಿಯೆಸ್ಟರ್ ರೆಸಿನ್. ಫೈಬರ್ ದೋಣಿಗೆ ಅದು ಸರಿ. ಮರಕ್ಕೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಕಾಲಕ್ರಮೇಣ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ಅಗ್ಗ ಅಂತ ಅದಕ್ಕೆ ಹೋಗಬೇಡಿ. ಎಪಾಕ್ಸಿ ಒಂದೂವರೆ ಕಿಲೋ ಇದ್ದರೆ ಇಂಥ ಒಂದು ಹಲಗೆಗೆ ಸಾಕು. ರೆಸಿನ್ ಮತ್ತು ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಇದ್ದ ಹಾಗೆಯೇ ಇರಬೇಕು. ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಅಂತ ಸರಿಯಾಗಿ ಓದಿ, ಎರಡೂ ಬೇರೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಗಟ್ಟಿಯಾಗುವುದೇ ಇಲ್ಲ, ಜಿಗಿ ಉಳಿಯುತ್ತದೆ. ನಮ್ಮ ಸೆಕೆಯಲ್ಲಿ ಕಪ್ಪಿನೊಳಗೆ ಕಾಲು ಲೀಟರ್ ಕಲಸಿ ಇಟ್ಟರೆ ಹೊಗೆ ಬಂದು ಕಪ್ಪೇ ಕರಗುತ್ತದೆ. ನೂರು ಗ್ರಾಮಿನಷ್ಟೇ ಕಲಸಿ, ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಕೈಗವಸು ಬೇಕೇ ಬೇಕು. ಎಪಾಕ್ಸಿಗೆ ಚರ್ಮ ಒಮ್ಮೆ ಅಲರ್ಜಿ ಹಿಡಿದರೆ ಆಮೇಲೆ ಹತ್ತಿರ ಹೋದರೂ ತುರಿಕೆ. ಕೈಗೆ ತಾಗಿದರೆ ಅಸಿಟೋನ್ ಹಾಕಿ ತಿಕ್ಕಬೇಡಿ, ಸೋಪು ನೀರು ಸಾಕು.

ಕೆಲಸಕ್ಕೆ ಒಳ್ಳೆಯ ಸಮಯ ಡಿಸೆಂಬರಿನಿಂದ ಮಾರ್ಚ್. ಕಾಸರಗೋಡಿನ ಮಳೆಗಾಲದಲ್ಲಿ ಇದನ್ನು ಮುಟ್ಟಲೇಬೇಡಿ, ಮರವೂ ತೇವ, ಗಾಳಿಯೂ ತೇವ.

ಅಂಟು ಒಣಗಿದ ಮೇಲೆ ಕೀಸುಳಿ ಹಿಡಿದು, ನಮ್ಮ ಆಚಾರಿಗಳ ಬಾಯಲ್ಲಿ ಚಿಂತೇರು, ಎರಡೂ ಮುಖ ಸಪಾಟು ಮಾಡಿ 19 ಮಿ.ಮೀ.ಗೆ ತನ್ನಿ. ಎರಡು ತುದಿಗೆ ಎರಡು ನೇರ ಕೋಲು ಅಡ್ಡ ಇಟ್ಟು ಒಂದು ಕಣ್ಣು ಮುಚ್ಚಿ ನೋಡಿ. ಕೋಲುಗಳು ಒಂದೇ ಸಮ ಕಾಣದಿದ್ದರೆ ಹಲಗೆ ತಿರುಚಿದೆ. ತಿರುಚು ಈಗಲೇ ತೆಗೆಯಬೇಕು, ಇಲ್ಲವಾದರೆ ದೋಣಿ ಒಂದು ಬದಿಗೆ ಚೆನ್ನಾಗಿ ಓಡಿ ಇನ್ನೊಂದು ಬದಿಗೆ ಕುಂಟುತ್ತದೆ.

ಆಕಾರ ಕೊಡುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಹೊಸಬರು ಮುಂದಿನ ಅಂಚನ್ನು ಕತ್ತಿಯ ಹಾಗೆ ಚೂಪು ಮಾಡುತ್ತಾರೆ, ನೀರು ಸೀಳಲಿ ಅಂತ. ಅದು ತಪ್ಪು. ಗಾಳಿಗೆದುರಾಗಿ ಹೋಗುವಾಗ ಹಲಗೆ ನೀರಿನಲ್ಲಿ ನೇರಕ್ಕೆ ಹೋಗುವುದಿಲ್ಲ, ನಾಲ್ಕೈದು ಡಿಗ್ರಿ ಓರೆಯಾಗಿ ಹೋಗುತ್ತದೆ. ಅಂಚು ಚೂಪಾಗಿದ್ದರೆ ಅಷ್ಟು ಓರೆಗೇ ನೀರಿನ ಹರಿವು ಹಲಗೆಯಿಂದ ಬಿಟ್ಟುಹೋಗುತ್ತದೆ, ಹಿಡಿತ ತಪ್ಪುತ್ತದೆ. ಮೀನಿನ ಮೈ ನೋಡಿ, ಬಂಗುಡೆಯನ್ನೇ ನೋಡಿ: ಮುಂದೆ ಗುಂಡಗೆ ತುಂಬಿಕೊಂಡು ಹಿಂದೆ ನಿಧಾನಕ್ಕೆ ಸಣ್ಣಗಾಗುತ್ತದೆ ಅಲ್ವಾ? ಅದೇ ಬೇಕಾದ್ದು. ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ 1933ರಲ್ಲಿ ವಿಮಾನದ ರೆಕ್ಕೆಗಾಗಿ ಪ್ರಕಟಿಸಿದ, ನಾಲ್ಕಂಕಿಯ ಹೆಸರಿನ ಆಕಾರಗಳನ್ನು ದೋಣಿಯವರು ಇವತ್ತಿಗೂ ಬಳಸುತ್ತಾರೆ. ಅವುಗಳಲ್ಲಿ ಅತಿ ದಪ್ಪದ ಜಾಗ ಮುಂದಿನಿಂದ ನೂರಕ್ಕೆ 30ರಷ್ಟು ದೂರದಲ್ಲಿ ಬರುತ್ತದೆ.

ನನ್ನ 300 ಮಿ.ಮೀ. ಅಗಲ, 20 ಮಿ.ಮೀ. ದಪ್ಪಕ್ಕೆ ಆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. ಮುಂದಿನ ಅಂಚಿನಿಂದ 15 ಮಿ.ಮೀ. ದೂರದಲ್ಲಿ ಒಟ್ಟು ದಪ್ಪ 12, 30ರಲ್ಲಿ ಹದಿನೈದೂವರೆ, 60ರಲ್ಲಿ 19, 90ರಲ್ಲಿ ಪೂರ್ತಿ 20. ಅಲ್ಲಿಂದ ಇಳಿಯುತ್ತದೆ: 150ರಲ್ಲಿ ಹದಿನೇಳೂವರೆ, 180ರಲ್ಲಿ 15, 210ರಲ್ಲಿ 12, 240ರಲ್ಲಿ ಎಂಟೂವರೆ, 270ರಲ್ಲಿ 5. ಕೊನೆಯಲ್ಲಿ 2 ಮಿ.ಮೀ. ಉಳಿಸಿ. ಇವು ಬಣ್ಣ ಹಚ್ಚಿ ಮುಗಿದ ಮೇಲಿನ ಅಳತೆ, ಮರ ಕೆತ್ತುವಾಗ ಪ್ರತಿಯೊಂದರಲ್ಲೂ 1 ಕಳೆಯಿರಿ. ನಿಮ್ಮ ಹಲಗೆಯ ಅಗಲ ಬೇರೆ ಇದ್ದರೆ ಅದೇ ಅನುಪಾತದಲ್ಲಿ ಬದಲಿಸಿಕೊಳ್ಳಿ.

ಅರ್ಧ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಅಚ್ಚು ಮಾಡಿ. ಹಲಗೆಯ ನಾಲ್ಕೂ ಅಂಚಿನ ಸುತ್ತ ನಡುಗೆರೆ ಎಳೆಯಿರಿ, ಈ ಗೆರೆಯನ್ನು ಕೊನೆಯವರೆಗೆ ಕೆತ್ತಬಾರದು. ಮುಖದ ಮೇಲೆ, ಆಗಲೇ ಹೇಳಿದ ದೂರಗಳಲ್ಲಿ ಉದ್ದಕ್ಕೆ ಗೆರೆ ಹಾಕಿ, ಮೊದಲು ಹಿಂಭಾಗವನ್ನು ಒಂದೇ ಇಳಿಜಾರಾಗಿ ಕೀಸಿ, ಆಮೇಲೆ ಆ ಇಳಿಜಾರಿನ ಏಣುಗಳನ್ನು ಮುರಿಯುತ್ತಾ ಬನ್ನಿ. ಮುಂಭಾಗ ಕೊನೆಗೆ. ಹತ್ತು ಸಲ ಕೀಸಿದರೆ ಒಂದು ಸಲ ಅಚ್ಚು ಇಟ್ಟು ನೋಡಿ. ಆಮೇಲೆ ಅರ್ಧ ಮೀಟರ್ ಉದ್ದದ ಪಟ್ಟಿಗೆ 60ರ ಸ್ಯಾಂಡ್ ಪೇಪರ್ ಅಂಟಿಸಿ ಓರೆಯಾಗಿ ಉಜ್ಜಿ, ಮತ್ತೆ 80, ಮತ್ತೆ 120. ಕೈಯಲ್ಲಿ ಪೇಪರ್ ಹಿಡಿದು ಉಜ್ಜಿದರೆ ಗುಂಡಿ ಬೀಳುತ್ತದೆ. ಪ್ಲೈನಲ್ಲಿ ಮಾಡುವವರಿಗೆ ಇಲ್ಲಿ ಒಂದು ಲಾಭ ಇದೆ: ಪದರಗಳ ಗೆರೆ ನೇರವಾಗಿ, ಸಮವಾಗಿ ಕಾಣುತ್ತಿದ್ದರೆ ಆಕಾರ ಸರಿಯಾಗಿದೆ ಅಂತಲೇ ಅರ್ಥ.

ಕೆತ್ತುವುದು ದೋಣಿಯ ತಳದಿಂದ ಕೆಳಗಿನ ಭಾಗವನ್ನು ಮಾತ್ರ. ಆಗ ಹಾಕಿದ ಪೆನ್ಸಿಲ್ ಗುರುತು ಇದಕ್ಕೇ. ಪೆಟ್ಟಿಗೆಯೊಳಗೆ ಉಳಿಯುವ ತಲೆ ಪೂರ್ತಿ ದಪ್ಪ, ಸಪಾಟು ಇರಬೇಕು, ಇಲ್ಲವಾದರೆ ಲಟಪಟ ಅಲ್ಲಾಡುತ್ತದೆ. ಹಿಂದಿನ ಅಂಚನ್ನು ಗುಂಡಗೆ ಮಾಡಬೇಡಿ. ಚೌಕ ಇರಲಿ, ಅಥವಾ ಒಂದು ಬದಿಗೆ ಸ್ವಲ್ಪ ಓರೆ ಇರಲಿ. ಗುಂಡಗಿದ್ದರೆ ವೇಗ ಸಿಕ್ಕಾಗ ನೀರು ಅಲ್ಲಿ ಎಡಬಲ ಸುಳಿ ಸುಳಿಯಾಗಿ ಬಿಟ್ಟು ಹಲಗೆ ಗುಂಯ್ ಅಂತ ಹಾಡತೊಡಗುತ್ತದೆ.

ಈಗ ತೂತು, ಮತ್ತು ನನ್ನ ಮೊದಲ ಹಲಗೆ ಸತ್ತ ಜಾಗ. ಬೋಲ್ಟ್ 12 ಮಿ.ಮೀ. ಇದ್ದರೆ 12ರ ತೂತು ಕೊರೆದು ಬಣ್ಣ ಬಳಿದು ಸುಮ್ನೆ ಕೂರುತ್ತೇವೆ. ಬೋಲ್ಟ್ ತಿರುಗಿ ತಿರುಗಿ ಬಣ್ಣ ಒಂದೇ ದಿನದಲ್ಲಿ ಹೋಗುತ್ತದೆ, ಮರದ ನಾರಿನ ಕೊನೆಗಳು ತೆರೆದುಕೊಳ್ಳುತ್ತವೆ, ಅಲ್ಲಿಂದ ನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಸರಿಯಾದ ಕ್ರಮ ಬೇರೆ. ಫೈಬರ್ ಬಟ್ಟೆ ಹಾಕುವ ಮೊದಲೇ 30 ಮಿ.ಮೀ. ತೂತು ಕೊರೆಯಿರಿ. ಒಳಗೋಡೆಗೆ ತೆಳು ಎಪಾಕ್ಸಿ ಕುಡಿಸಿ. ಆಮೇಲೆ ಫೈಬರ್ ಬಟ್ಟೆಯ ಎಳೆಗಳನ್ನು ಸಣ್ಣಗೆ ಕತ್ತರಿಸಿ ಬೆರೆಸಿದ ಗಟ್ಟಿ ಎಪಾಕ್ಸಿಯನ್ನು ಎರಡು ಸಲಕ್ಕೆ ತುಂಬಿ, ಒಂದೇ ಸಲ ತುಂಬಿದರೆ ಕಾದು ಬಿರುಕು ಬಿಡುತ್ತದೆ. ಬಟ್ಟೆಯ ಕೆಲಸವೆಲ್ಲ ಮುಗಿದ ಮೇಲೆ ಆ ತುಂಬಿದ ಗುಂಡಿಯ ನಡುವೆ ಹನ್ನೆರಡೂವರೆ ಮಿ.ಮೀ. ತೂತು ಕೊರೆದರೆ ಸುತ್ತ ಸುಮಾರು ಒಂಬತ್ತು ಮಿ.ಮೀ. ಎಪಾಕ್ಸಿಯ ಗೋಡೆ ಉಳಿಯಿತು. ಬೋಲ್ಟ್ ಎಷ್ಟೇ ಉಜ್ಜಲಿ, ನೀರಿಗೆ ಮರ ಸಿಗುವುದಿಲ್ಲ. ಹಗ್ಗ ಕಟ್ಟುವ ತೂತಿಗೂ ಇದೇ ಕ್ರಮ. ಡ್ರಿಲ್ ಸ್ಟ್ಯಾಂಡ್ ಇಟ್ಟೇ ಕೊರೆಯಿರಿ, ಓರೆಯಾದರೆ ಹಲಗೆ ಪೆಟ್ಟಿಗೆಯಲ್ಲಿ ಓರೆ ಕೂರುತ್ತದೆ.

ಮರದ ಹಲಗೆ ತೇಲುತ್ತದೆ, ತಾನಾಗಿ ಕೆಳಗಿಳಿಯುವುದಿಲ್ಲ. ರಬ್ಬರ್ ಹಗ್ಗದಿಂದ ಕೆಳಗೆ ಎಳೆದು ಹಿಡಿಯಬಹುದು. ನಾನು ಸೀಸ ಹಾಕಿದೆ. ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕಕ್ಕಿಂತ ಕೆರೆಯೇ ವಾಸಿ. ಕೆತ್ತಿದ ಹಲಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಉಳಿಯದಂತೆ ಸುತ್ತಿ ನೀರಲ್ಲಿ ತೇಲಿಬಿಟ್ಟು, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಮೇಲೆ ಇಡುತ್ತಾ ಹೋಗಿ. ಹಲಗೆಯ ಮೇಲ್ಮೈ ನೀರಿನ ಮಟ್ಟಕ್ಕೆ ಬಂದಾಗ ಎಷ್ಟು ಇಟ್ಟಿದ್ದೀರೋ ಅದಕ್ಕೆ ಕಾಲು ಪಾಲು ಸೇರಿಸಿ. ನನ್ನದಕ್ಕೆ ಎರಡು ಕಿಲೋದ ಮೇಲೆ ಸ್ವಲ್ಪ ಬೇಕಾಯಿತು. ತುದಿಗಿಂತ ಒಂದು ಗೇಣು ಮೇಲೆ, ದಪ್ಪ ಜಾಗದಲ್ಲಿ ಕಿಟಕಿ ಕೊರೆದು, ಗುಂಡುಗಳನ್ನು ಒತ್ತಾಗಿ ಜೋಡಿಸಿ ಎಪಾಕ್ಸಿ ಸುರಿಯಿರಿ. ಕಿಟಕಿಯ ಒಳ ಅಂಚಿನ ಸುತ್ತ ಉಳಿಯಿಂದ ಕಾಲುವೆ ತೆಗೆದರೆ ಆ ಗಟ್ಟಿ ಜಾರಿ ಬೀಳುವುದಿಲ್ಲ. ಸೀಸ ಕರಗಿಸಿ ಮರಕ್ಕೆ ಎರೆಯಲು ಮಾತ್ರ ಹೋಗಬೇಡಿ. ಮರದಲ್ಲಿ ಸ್ವಲ್ಪ ತೇವ ಇದ್ದರೂ ಉಗಿಯಾಗಿ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ, ಅದರ ಹೊಗೆಯೂ ವಿಷ.

ಬಟ್ಟೆ ಹೊದಿಸುವ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದ ಹಾಗೆ ಮರದೊಳಗಿನ ಗಾಳಿ ಹಿಗ್ಗಿ ಎಪಾಕ್ಸಿಯಲ್ಲಿ ಗುಳ್ಳೆ ಏಳುತ್ತದೆ. ಸಂಜೆ ತಂಪಾಗುವಾಗ ಮರ ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಬರೀ ಎಪಾಕ್ಸಿ ಒಂದು ಕೈ, ಅಂಚುಗಳಿಗೆ ಎರಡು ಮೂರು ಕೈ. ಆಮೇಲೆ ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಗ್ಲಾಸ್ ಬಟ್ಟೆ, ಪ್ರತಿ ಮುಖಕ್ಕೆ ಎರಡು ಪದರ. ಒಂದು ಮುಖಕ್ಕೆ ಹಾಕಿ, ಮುಂದಿನ ಗುಂಡಂಚನ್ನು ಸುತ್ತಿ ಆಚೆ ಬದಿಗೆ ಎರಡು ಬೆರಳಗಲ ತಂದು ಬಿಡಿ. ಗಟ್ಟಿಯಾದ ಮೇಲೆ ಮಗುಚಿ, ಆ ಅಂಚನ್ನು ಉಜ್ಜಿ ಸಮ ಮಾಡಿ, ಇನ್ನೊಂದು ಮುಖ. ಹೀಗೆ ಮುಂದಿನ ಅಂಚಿನಲ್ಲಿ ನಾಲ್ಕು ಪದರ ಆಗುತ್ತದೆ, ಮರಳಿಗೆ ತಾಗುವುದು ಅದೇ ತಾನೇ. ಹಿಂದಿನ ಅಂಚಿನಲ್ಲಿ ಎರಡೂ ಬದಿಯ ಬಟ್ಟೆ ಹೊರಗೆ ಚಾಚಿ ಒಂದಕ್ಕೊಂದು ಅಂಟಿಕೊಳ್ಳಲಿ, ಆಮೇಲೆ ಕತ್ತರಿಸಿ. ನೇಯ್ಗೆ ಮುಚ್ಚುವವರೆಗೆ ಮತ್ತೆ ಎರಡು ಕೈ ಎಪಾಕ್ಸಿ.

ಬೆಳಿಗ್ಗೆ ನೋಡಿದರೆ ಮೇಲೆ ಮೇಣದ ಹಾಗೆ ಜಿಡ್ಡು ಇರಬಹುದು, ಕರಾವಳಿಯ ರಾತ್ರಿ ತೇವಕ್ಕೆ ಹೀಗಾಗುತ್ತದೆ. ನೀರು, ಪಾತ್ರೆ ತಿಕ್ಕುವ ಸ್ಕ್ರಬ್ ಹಾಕಿ ಮೊದಲು ತೊಳೆಯಿರಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಜಿಡ್ಡು ಒಳಗೆ ಸೇರಿ ಬಣ್ಣ ನಿಲ್ಲುವುದಿಲ್ಲ. ಉಜ್ಜುವಾಗ ಮಾಸ್ಕ್ ಹಾಕಿ.

ಒಂದು ವಾರ ಬಿಟ್ಟು ಪರೀಕ್ಷೆ ಮಾಡಿ. ಎರಡು ತುದಿ ಇಟ್ಟಿಗೆಯ ಮೇಲಿಟ್ಟು ನಡುವೆ ನಿಲ್ಲಿ. ಬೆರಳಗಲಕ್ಕಿಂತ ಕಡಿಮೆ ಬಾಗಿ, ಇಳಿದ ಕೂಡಲೇ ನೆಟ್ಟಗಾಗಬೇಕು, ಎಲ್ಲೂ ಚಟ್ ಅನ್ನಬಾರದು. ಸಪ್ಪಳ ಬಂದರೆ ನೀರಿಗೆ ಒಯ್ಯಬೇಡಿ. ಪಾಸಾದರೆ ಬಿಳಿ ಎರಡು-ಡಬ್ಬಿ ಪಾಲಿಯುರಿಥೇನ್ ಬಣ್ಣ ಎರಡು ಕೈ. ಎಪಾಕ್ಸಿಗೆ ಬಿಸಿಲು ಆಗದು, ಬಣ್ಣ ಅದಕ್ಕೆ ಕೊಡೆ. ಬಿಳಿಯೇ ಯಾಕೆಂದರೆ ಕಾಯುವುದು ಕಡಿಮೆ, ಬಿರುಕು ಬಿದ್ದರೆ ಕೂಡಲೇ ಕಾಣುತ್ತದೆ.

ಬೋಲ್ಟ್ 316 ದರ್ಜೆಯ ಸ್ಟೀಲಿನದ್ದಾಗಲಿ, ಎರಡೂ ಬದಿ ರಬ್ಬರ್ ವಾಶರ್ ಹಾಕಿ. ಸ್ಟೇನ್‌ಲೆಸ್ ಅಂತ ಮರೆತುಬಿಡಬೇಡಿ. ಗಾಳಿಯಾಡದ ಉಪ್ಪುನೀರಿನ ಸಂದಿಯಲ್ಲಿ ಅದೂ ಒಳಗಿಂದೊಳಗೆ ಸವೆಯುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು.

ಮೊದಲ ಸಲ ನೀರಿಗಿಳಿಸುವಾಗ ಮಧ್ಯಾಹ್ನದ ಕಡಲ ಗಾಳಿ ಏಳುವ ಮೊದಲೇ ಹೋಗಿ. ದಡದ ಹತ್ತಿರ ಹತ್ತಿಪ್ಪತ್ತು ಸಲ ಇಳಿಸಿ ಎತ್ತಿ. ಒಂದು ಗಂಟೆ ಓಡಿಸಿ ಮತ್ತೆ ಎತ್ತಿ ನೋಡಿ, ಆಗಲೂ ಮೊದಲಿನಷ್ಟೇ ಸಲೀಸಾಗಿ ಬರಬೇಕು. ಎಲ್ಲಾದರೂ ಉಜ್ಜಿದ ಗುರುತು ಕಂಡರೆ ಅಲ್ಲಿ ಬಣ್ಣ ತೆಗೆದು ಅಂತರ ಸರಿಮಾಡಿ. ಮರಳು ತಾಗಿ ಬಿಳಿ ಬಣ್ಣದೊಳಗೆ ಮರದ ಕಂದು ಕಂಡ ದಿನ ಸೀಸನ್ ಮುಗಿಯಲಿ ಅಂತ ಕಾಯಬೇಡಿ. ಸಿಹಿನೀರಲ್ಲಿ ತೊಳೆದು, ಎರಡು ದಿನ ನೆರಳಲ್ಲಿ ಒಣಗಿಸಿ, ಆ ಜಾಗಕ್ಕೆ ಎಪಾಕ್ಸಿ ಹಚ್ಚಿಯೇ ಮತ್ತೆ ಇಳಿಸಿ.